ಪೊಲೀಸರ ತಂಡ, ಕಾರ್ಖಾನೆಯ ತಂಡ: ಪೂರ್ವ ಜರ್ಮನಿಯಲ್ಲಿ ಜನ ಯಾವುದನ್ನು ನಮ್ಮ ತಂಡ ಅಂದುಕೊಂಡರು?

ಗೋಲ್‌ಪೋಸ್ಟ್ ಹಿಂದೆ

ಎಲ್ಲರಿಗೂ ನಮಸ್ಕಾರ. ಹಳೇ ಯುರೋಪಿನ ಫುಟ್‌ಬಾಲ್ ಬಗ್ಗೆ ಓದುತ್ತಾ ಓದುತ್ತಾ ಪೂರ್ವ ಜರ್ಮನಿಗೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಅಲ್ಲಿನ ದೊಡ್ಡ ಲೀಗ್ ಓಬರ್‌ಲಿಗಾ. ಒಟ್ಟು 14 ತಂಡ. ಚಾಂಪಿಯನ್ನರ ಪಟ್ಟಿ ತೆಗೆದು ನೋಡಿದರೆ 1979ರಿಂದ 1988ರವರೆಗೆ ಒಂದೇ ಹೆಸರು, ಬರ್ಲಿನ್ನಿನ ಬಿಎಫ್‌ಸಿ ಡೈನಮೋ. ಹತ್ತು ವರ್ಷ ಸತತವಾಗಿ! ಅದು ಪೊಲೀಸರ ಮತ್ತು ಸ್ಟಾಸಿ ಅನ್ನೋ ಗುಪ್ತಚರ ಇಲಾಖೆಯ ಕ್ಲಬ್. ಆ ಇಲಾಖೆಯ ಮಂತ್ರಿ ಎರಿಕ್ ಮೀಲ್ಕೆ ಪಂದ್ಯ ನೋಡೋಕೆ ಬಂದು ಕೂರುತ್ತಿದ್ದರು. ಇನ್ನು ಉಳಿದ ತಂಡಗಳ ಹೆಸರುಗಳೂ ವಿಚಿತ್ರ. ಕೆಮೀ, ಮೋಟರ್, ಸ್ಟಾಲ್, ಲೋಕೊಮೋಟಿವ್, ವಿಸ್ಮುಟ್. ಊರಿನ ಹೆಸರಿಗಿಂತ ಮುಂಚೆ ಕಾರ್ಖಾನೆ ವಾಸನೆ ಬರುತ್ತದೆ.

ನಮ್ಮಲ್ಲೂ ಐಟಿಐ, ಎಚ್‌ಎಎಲ್, ರೈಲ್ವೇಸ್ ತಂಡಗಳಿದ್ದವು. ಕೆಲಸ ಕೊಟ್ಟು ಆಡಿಸುತ್ತಿದ್ದರು. ಅದೇ ತರಹವೇ ಇದು? ಅಥವಾ ಬೇರೆಯಾ? ಆಟಗಾರ ಯಾವ ಕ್ಲಬ್ಬಿಗೆ ಆಡಬೇಕು ಅಂತ ಯಾರು ತೀರ್ಮಾನ ಮಾಡುತ್ತಿದ್ದರು? ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಕಾಡೋದು ಇದು: ಯಾರು ಗೆಲ್ಲಬೇಕು ಅಂತ ಮೇಲಿನವರೇ ಬರೆದಿಟ್ಟ ಹಾಗಿದ್ದ ಲೀಗ್ ನೋಡೋಕೆ ಜನ ಯಾಕೆ ಹೋಗುತ್ತಿದ್ದರು?

ಹಳೇ ಡೈರಿ

ಹೆಸರುಗಳಿಂದ ಶುರು ಮಾಡ್ತೀನಿ, ಅದು ಸುಲಭ. ಯುದ್ಧ ಮುಗಿದ ಮೇಲೆ ಹಳೇ ಕ್ಲಬ್‌ಗಳನ್ನೆಲ್ಲ ಮುಚ್ಚಿಸಿದರು. ಆಮೇಲೆ ಪ್ರತಿ ಉದ್ಯಮಕ್ಕೆ ಒಂದು ಕ್ರೀಡಾ ಸಂಘ ಅಂತ ಹಂಚಿದರು. ರಾಸಾಯನಿಕ ಕಾರ್ಖಾನೆಗಳದ್ದು ಕೆಮೀ. ಯಂತ್ರ ತಯಾರಿಸುವವರದ್ದು ಮೋಟರ್. ಉಕ್ಕಿನವರದ್ದು ಸ್ಟಾಲ್. ರೈಲ್ವೆಯವರದ್ದು ಲೋಕೊಮೋಟಿವ್. ವಿದ್ಯುತ್ ಇಲಾಖೆಗೆ ಟುರ್ಬೀನ, ಬೇಸಾಯಕ್ಕೆ ಟ್ರಾಕ್ಟರ್, ಮುದ್ರಣಾಲಯ ಮತ್ತು ಪತ್ರಿಕೆಯವರಿಗೆ ರೊಟಾಟ್ಸಿಯೋನ್. ಸೇನೆಯದ್ದು ಫೋರ್‌ವೆರ್ಟ್ಸ್, ಅಂದರೆ ‘ಮುಂದಕ್ಕೆ’. ಪೊಲೀಸರದ್ದು ಡೈನಮೋ. ವಿಸ್ಮುಟ್ ಅಂದರೆ ಯುರೇನಿಯಂ ಗಣಿಯ ಕಂಪನಿ. ಕಾರ್ಖಾನೆಯೊಳಗಿನ ತಂಡಕ್ಕೆ ಬಿಎಸ್‌ಜಿ ಅನ್ನುತ್ತಿದ್ದರು. ನೀವು ಹೇಳಿದ ಐಟಿಐ, ಎಚ್‌ಎಎಲ್‌ಗೆ ಹತ್ತಿರ ಬರೋದು ಈ ಬಿಎಸ್‌ಜಿಗಳೇ. ಆದರೆ ನಮ್ಮಲ್ಲಿ ಆಟಗಾರ ಬೇಡ ಅಂದರೆ ಕೆಲಸ ಬಿಟ್ಟು ಹೋಗಬಹುದಿತ್ತು.

ಅಲ್ಲಿ ತಂಡವನ್ನೇ ಎತ್ತಿ ಬೇರೆ ಊರಿಗೆ ಹಾಕುತ್ತಿದ್ದರು. 1954ರಲ್ಲಿ ಡೈನಮೋ ಡ್ರೆಸ್ಡೆನ್ ಹಿಂದಿನ ವರ್ಷದ ಚಾಂಪಿಯನ್. ರಾಜಧಾನಿಯಲ್ಲಿ ಒಳ್ಳೇ ತಂಡ ಇಲ್ಲ ಅಂತ ಅದರ ಮುಖ್ಯ ಆಟಗಾರರನ್ನೆಲ್ಲ ಬರ್ಲಿನ್ನಿಗೆ ಕಳಿಸಿಬಿಟ್ಟರು. ಅದೇ ವರ್ಷ ಲೌಟರ್ ಅನ್ನೋ ಬೆಟ್ಟದ ಊರಿನ ಎಂಪೋರ್ ತಂಡಕ್ಕೂ ಇದೇ ಗತಿ. ದೇಶದ ದಕ್ಷಿಣ ತುದಿಯಿಂದ ಉತ್ತರದ ಸಮುದ್ರ ತೀರದ ರೋಸ್ಟೊಕ್‌ಗೆ, ಅದೂ ಸೀಸನ್ ಅರ್ಧ ಆಗಿರುವಾಗ. ಉತ್ತರದಲ್ಲಿ ದೊಡ್ಡ ತಂಡ ಇರಲಿಲ್ಲ ಅನ್ನೋದೇ ಕಾರಣ. ಇವತ್ತಿನ ಹನ್ಸಾ ರೋಸ್ಟೊಕ್ ಹುಟ್ಟಿದ್ದು ಹಾಗೆ. 1971ರಲ್ಲಿ ಸೇನೆಯ ಫೋರ್‌ವೆರ್ಟ್ಸ್ ತಂಡವನ್ನು ಬರ್ಲಿನ್ನಿಂದ ಪೋಲೆಂಡ್ ಗಡಿಯ ಫ್ರಾಂಕ್‌ಫುರ್ಟಿಗೆ ಸಾಗಿಸಿದರು.

ಜನ ಸುಮ್ನೆ ಇದ್ದರು ಅಂದುಕೊಳ್ಳಬೇಡಿ. ಔಎ ಅನ್ನೋ ಗಣಿ ಊರಿನ ವಿಸ್ಮುಟ್ ತಂಡವನ್ನೂ ದೊಡ್ಡ ನಗರ ಕಾರ್ಲ್ ಮಾರ್ಕ್ಸ್ ಸ್ಟಾಟ್‌ಗೆ ಕೊಂಡೊಯ್ಯಲು ಹೊರಟರು. ಗಣಿ ಕಾರ್ಮಿಕರು ತಿರುಗಿಬಿದ್ದರು. ಯುರೇನಿಯಂ ತೆಗೆಯುವ ಕೈಗಳು ನಿಂತರೆ ಏನಾಗುತ್ತದೆ ಅಂತ ಮೇಲಿನವರಿಗೆ ಗೊತ್ತಿತ್ತು. ಕೊನೆಗೆ ಹೆಸರಿನಲ್ಲಿ ಮಾತ್ರ ಕಾರ್ಲ್ ಮಾರ್ಕ್ಸ್ ಸ್ಟಾಟ್ ಸೇರಿತು. ಆಟ ಔಎಯಲ್ಲೇ ನಡೆಯಿತು. ಆ ತಂಡ 1956, 1957, 1959ರಲ್ಲಿ ಚಾಂಪಿಯನ್ ಆಯಿತು.

ಇನ್ನೊಂದು ಚಿಕ್ಕ ವಿಷಯ. ಸೋವಿಯತ್ ಮಾದರಿ ಅಂತ 1956ರಿಂದ 1960ರವರೆಗೆ ಲೀಗನ್ನು ವಸಂತದಲ್ಲಿ ಶುರು ಮಾಡಿ ವರ್ಷದ ಕೊನೆಗೆ ಮುಗಿಸುತ್ತಿದ್ದರು. ಹಳೇ ಪದ್ಧತಿಗೆ ವಾಪಸ್ ಬರುವಾಗ ತಿಂಗಳುಗಳು ಹೊಂದಲಿಲ್ಲ. ಅದಕ್ಕೆ 1961-62ರಲ್ಲಿ ಪ್ರತಿ ತಂಡ 39 ಪಂದ್ಯ ಆಡಿತು.

ಎಲ್ಬೆ ದಡದವಳು

ಜನ ಯಾಕೆ ಹೋಗುತ್ತಿದ್ದರು ಅನ್ನೋದಕ್ಕೆ ನಾನು ಉತ್ತರ ಕೊಡ್ತೀನಿ. ಸ್ವಲ್ಪ ಉದ್ದ ಆಗುತ್ತದೆ.

ನಾನು 2015ರಿಂದ ಮೂರು ವರ್ಷ ಮಾಗ್ಡೆಬುರ್ಗಿನಲ್ಲಿ ಓದುತ್ತಿದ್ದೆ. ಹಿಂದಿನ ಪೂರ್ವ ಜರ್ಮನಿಯ ಊರು, ಎಲ್ಬೆ ನದಿ ದಡದಲ್ಲಿದೆ. ಬಾಡಿಗೆಗಿದ್ದ ಮನೆಯ ಕೆಳಗಿನ ಮಹಡಿಯಲ್ಲಿ ಮಾಲೀಕರೇ ಇದ್ದರು. ಅರವತ್ತೈದು ದಾಟಿದ ಮನುಷ್ಯ. ಊರಿನ ದೊಡ್ಡ ಯಂತ್ರ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡಿದವರು. ಮನಸ್ಸಿನಲ್ಲಿ ನಾನು ಅವರನ್ನು ತಾತ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ.

ಬಾಡಿಗೆ ಕೊಡೋಕೆ ಮೊದಲ ಸಲ ಅವರ ಅಡುಗೆಮನೆಗೆ ಹೋದಾಗ ಗೋಡೆ ಮೇಲೆ ಒಂದು ಫೋಟೋ ನೋಡಿದೆ. ಹತ್ತು ಹದಿನೈದು ಜನ ಹುಡುಗರು. ಎಲ್ಲರೂ ಸ್ನಾನ ಮುಗಿಸಿ ಬಂದವರ ಹಾಗೆ ಬಿಳೀ ನಿಲುವಂಗಿ ಹಾಕಿದ್ದಾರೆ. ಸೊಂಟಕ್ಕೆ ಅದರದ್ದೇ ಬೆಲ್ಟ್ ಬಿಗಿದಿದ್ದಾರೆ. ಕೆಳಗೆ ಬರೀ ಕಾಲು, ಸಾಕ್ಸು, ಬೂಟು. ಒಬ್ಬನ ಕೈಯಲ್ಲಿ ಕಪ್. ಈಜುಗಾರರಾ ಅಂತ ಕೇಳಿದೆ. ತಾತ ಕುರ್ಚಿ ಎಳೆದು ಕೂರಿಸಿದರು. ಮೇಲೆ ಹೋಗಿ ಮಲಗುವಾಗ ರಾತ್ರಿ ಹನ್ನೊಂದು ಆಗಿತ್ತು.

ಅದು 1974ರ ಮೇ 8. ರೋಟರ್‌ಡಾಮ್. ಕಪ್ ವಿನ್ನರ್ಸ್ ಕಪ್ ಫೈನಲ್, ಅಂದರೆ ಯುರೋಪಿನ ಬೇರೆ ಬೇರೆ ದೇಶಗಳ ಕಪ್ ಗೆದ್ದ ತಂಡಗಳು ಆಡುತ್ತಿದ್ದ ಪಂದ್ಯಾವಳಿ. ಒಂದು ಕಡೆ ಇಟಲಿಯ ಎಸಿ ಮಿಲಾನ್, ಇನ್ನೊಂದು ಕಡೆ ಎಫ್‌ಸಿ ಮಾಗ್ಡೆಬುರ್ಗ್. 2-0 ಗೋಲಿನಿಂದ ಮಾಗ್ಡೆಬುರ್ಗ್ ಗೆದ್ದಿತು. ಪೂರ್ವ ಜರ್ಮನಿಯ ಕ್ಲಬ್ಬೊಂದು ಯುರೋಪಿನ ಕಪ್ ಗೆದ್ದಿದ್ದು ಅದೊಂದೇ ಸಲ. ಆ ಮೈದಾನದಲ್ಲಿ ಪ್ರೇಕ್ಷಕರು ಐದು ಸಾವಿರ ಕೂಡ ಇರಲಿಲ್ಲ. ಈ ಕಡೆಯಿಂದ ಗಡಿ ದಾಟೋಕೆ ಬಿಟ್ಟಿದ್ದು ಆಯ್ದ ಕೆಲವರನ್ನು ಮಾತ್ರ. ತಾತನಿಗೆ ಆಗ 24 ವರ್ಷ. ಅವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಆವತ್ತು ಅವರಿಗೆ ಸಂಜೆ ಪಾಳಿ. ಫೋರ್‌ಮನ್ನೇ ಮನೆಯಿಂದ ರೇಡಿಯೋ ತಂದು ಉಪಕರಣದ ಬೀರು ಮೇಲೆ ಇಟ್ಟಿದ್ದರಂತೆ. ಹಾಫ್ ಟೈಮಿಗೆ ಸ್ವಲ್ಪ ಮುಂಚೆ ಮಿಲಾನ್ ಆಟಗಾರನೇ ತನ್ನ ಗೋಲಿಗೆ ಚೆಂಡು ಹೊಡೆದುಕೊಂಡ. 74ನೇ ನಿಮಿಷಕ್ಕೆ ವೋಲ್ಫ್‌ಗಾಂಗ್ ಸೆಗುಯಿನ್ ಎರಡನೇ ಗೋಲು ಹಾಕಿದ. ಅಷ್ಟೊತ್ತಿಗೆ ಒಬ್ಬೊಬ್ಬರಾಗಿ ಲೇತ್ ಆಫ್ ಮಾಡುತ್ತಾ ಬಂದಿದ್ದರಂತೆ. ಕೊನೆಗೆ ಇಡೀ ಶೆಡ್ಡಿನಲ್ಲಿ ರೇಡಿಯೋ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ‘ಆ ಶೆಡ್ ಅಷ್ಟು ಸುಮ್ಮನಿದ್ದದ್ದನ್ನು ನಾನು ಇನ್ನೊಂದೇ ಸಲ ನೋಡಿದ್ದು, ಅದು ಬಾಗಿಲು ಮುಚ್ಚಿದಾಗ’ ಅಂದರು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಆ ಫೋಟೋದಲ್ಲಿ ಇರುವವರು ಯಾರು? ಯುರ್ಗೆನ್ ಸ್ಪಾರ್‌ವಾಸರ್ ಹಾಲ್ಬರ್‌ಸ್ಟಾಟ್‌ನವನು. ಮಾರ್ಟಿನ್ ಹೋಫ್‌ಮನ್ ಗೊಮ್ಮೆರ್ನ್‌ನವನು. ಯುರ್ಗೆನ್ ಪೊಮ್ಮರೆಂಕೆ ವೇಗೆಲೇಬೆನ್ ಅನ್ನೋ ಪುಟ್ಟ ಊರಿನವನು. ಸೆಗುಯಿನ್ ಬುರ್ಗ್‌ನವನು. ಇವೆಲ್ಲ ಮಾಗ್ಡೆಬುರ್ಗ್ ಜಿಲ್ಲೆಯ ಊರುಗಳೇ. ಮಿಲಾನನ್ನು ಸೋಲಿಸಿದ್ದು ಒಂದು ಜಿಲ್ಲೆಯ ಹುಡುಗರು. ತಾತ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಊರಿನ ಹೆಸರು ಹೇಳಿದರು, ಆಟಗಾರನ ಹೆಸರು ಆಮೇಲೆ.

ಇದು ಆಕಸ್ಮಿಕ ಅಲ್ಲ. ಹಳೇ ಡೈರಿಯವರು ಹೇಳಿದ ಅದೇ ವ್ಯವಸ್ಥೆಯಿಂದ ಆಗಿದ್ದು. 1965ರ ಕೊನೆ ಮತ್ತು 1966ರ ಶುರುವಿನಲ್ಲಿ ಸರ್ಕಾರ ಕೆಲವು ತಂಡಗಳನ್ನು ಆರಿಸಿ ಪೂರ್ತಿ ಫುಟ್‌ಬಾಲ್ ಕ್ಲಬ್ ಅಂತ ಮಾಡಿತು. ಮೊದಲು ಆಗಿದ್ದೇ ಮಾಗ್ಡೆಬುರ್ಗ್, 1965ರ ಡಿಸೆಂಬರಿನಲ್ಲಿ. ಜಿಲ್ಲೆಯ ಒಳ್ಳೇ ಹುಡುಗರೆಲ್ಲ ಆ ಕ್ಲಬ್ಬಿಗೆ ಬರಬೇಕು ಅನ್ನೋದು ನಿಯಮ. ಹಳ್ಳಿ ತಂಡದಿಂದ ತರಬೇತಿ ಕೇಂದ್ರ, ಅಲ್ಲಿಂದ ಕ್ರೀಡಾ ಶಾಲೆ, ಅಲ್ಲಿಂದ ಕ್ಲಬ್. ಇದಕ್ಕೆ ಅವರು ಬಳಸುತ್ತಿದ್ದ ಪದ ‘ಡೆಲಿಗೀರೆನ್’. ನಮ್ಮ ಸರ್ಕಾರಿ ಭಾಷೆಯಲ್ಲಿ ಡೆಪ್ಯುಟೇಶನ್ ಮೇಲೆ ಕಳಿಸುವುದು ಅಂತೀವಲ್ಲ, ಸರಿಯಾಗಿ ಅದೇ. ಲೌಟರ್ ಊರಿನಿಂದ ತಂಡವನ್ನು ಕಿತ್ತುಕೊಂಡಿದ್ದೂ ಈ ಡೆಪ್ಯುಟೇಶನ್ನೇ. ಅಕ್ಕಪಕ್ಕದ ಊರುಗಳ ಹುಡುಗರನ್ನು ಒಟ್ಟಿಗೆ ಬೆಳೆಸಿ ಮಿಲಾನ್ ಮುಂದೆ ನಿಲ್ಲಿಸಿದ್ದೂ ಇದೇ. ಬೇರೆ ದೇಶದ ಕ್ಲಬ್ ಬಂದು ಕೊಂಡುಕೊಂಡು ಹೋಗುವ ಹಾಗಿರಲಿಲ್ಲ. ಹತ್ತು ವರ್ಷ ಅದೇ ಮುಖಗಳು. ಅವರ ಅಪ್ಪ ಅಮ್ಮ ಯಾರು ಅಂತ ಗೊತ್ತು. ಜನ ಹಚ್ಚಿಕೊಳ್ಳದೆ ಇರ್ತಾರಾ?

ಬೇಡ ಅಂದರೂ ಕಳಿಸುತ್ತಿದ್ದರು ಅನ್ನೋದಕ್ಕೂ ನಮ್ಮ ಕ್ಲಬ್ಬಿನಲ್ಲೇ ಉದಾಹರಣೆ ಇದೆ. ಯೋವಾಖಿಮ್ ಸ್ಟ್ರೈಖ್ ರೋಸ್ಟೊಕ್‌ನಲ್ಲಿದ್ದ. 1975ರಲ್ಲಿ ಆ ತಂಡ ಕೆಳಗಿನ ಲೀಗ್‌ಗೆ ಬಿತ್ತು. ಅವನಿಗೆ ಯೇನಾ ಊರಿನ ತಂಡಕ್ಕೆ ಹೋಗುವ ಆಸೆ. ಮಾಗ್ಡೆಬುರ್ಗಿಗೆ ಹೋಗು ಅಂದರು. ಬಂದ. ಓಬರ್‌ಲಿಗಾದಲ್ಲಿ ಒಟ್ಟು 229 ಗೋಲು ಹೊಡೆದ. ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ.

(‘ನಮ್ಮ ಕ್ಲಬ್’ ಅಂತ ಬರೆದುಬಿಟ್ಟೆ. ಹಾಗೇ ಇರಲಿ ಬಿಡಿ.)

ಸೈಡ್‌ಲೈನ್

ಅಕ್ಕ, ಚೆನ್ನಾಗಿ ಬರೆದಿದ್ದೀರಿ. ಆದರೆ ಓದಿದವರಿಗೆ ಅದು ಒಳ್ಳೇ ಕಾಲ ಅನ್ನಿಸಿಬಿಡಬಾರದು, ಅದಕ್ಕೆ ಇಷ್ಟು ಹೇಳುತ್ತೇನೆ.

ಲುಟ್ಸ್ ಐಗೆನ್‌ಡೋರ್ಫ್ ಬಿಎಫ್‌ಸಿ ಡೈನಮೋದ ಆಟಗಾರ. 1979ರ ಮಾರ್ಚಿನಲ್ಲಿ ಪಶ್ಚಿಮ ಜರ್ಮನಿಗೆ ಸೌಹಾರ್ದ ಪಂದ್ಯಕ್ಕೆ ಹೋದವನು ವಾಪಸ್ ಬರಲಿಲ್ಲ. ಹೆಂಡತಿ ಮತ್ತು ಪುಟ್ಟ ಮಗಳು ಬರ್ಲಿನ್ನಿನಲ್ಲೇ ಉಳಿದರು. 1983ರ ಮಾರ್ಚಿನಲ್ಲಿ ಬ್ರೌನ್‌ಶ್ವೈಗ್ ಹತ್ತಿರ ಕಾರು ಅಪಘಾತದಲ್ಲಿ ಅವನು ಸತ್ತ. ಸ್ಟಾಸಿ ಅವನ ಹಿಂದೆ ಬಿದ್ದಿತ್ತು ಅನ್ನೋದಕ್ಕೆ ಕಡತಗಳಿವೆ. ಕೊಲೆ ಅಂತ ಮಾತ್ರ ಇವತ್ತಿಗೂ ಸಾಬೀತಾಗಿಲ್ಲ.

1981ರ ಜನವರಿಯಲ್ಲಿ ಡೈನಮೋ ಡ್ರೆಸ್ಡೆನ್‌ನ ಮೂವರನ್ನು ಹಿಡಿದರು. ಗೆರ್ಡ್ ವೇಬರ್, ಪೀಟರ್ ಕೊಟ್ಟೆ, ಮತ್ತಿಯಾಸ್ ಮ್ಯುಲರ್. ಪಶ್ಚಿಮಕ್ಕೆ ಓಡಿಹೋಗುವ ಯೋಚನೆ ಇದ್ದದ್ದು ವೇಬರ್‌ಗೆ. ಅವನು ಜೈಲಿಗೆ ಹೋದ. ಉಳಿದ ಇಬ್ಬರು ಮಾಡಿದ ತಪ್ಪು, ಗೊತ್ತಿದ್ದೂ ಹೇಳದೆ ಇದ್ದದ್ದು. ಅಷ್ಟಕ್ಕೇ ಮೇಲಿನ ಎರಡೂ ಲೀಗ್‌ಗಳಲ್ಲಿ ಜೀವನಪೂರ್ತಿ ಆಡುವ ಹಾಗಿಲ್ಲ ಅಂತ ಮಾಡಿದರು. ಕೊಟ್ಟೆಗೆ ಆಗ 26 ವರ್ಷ. ದೇಶಕ್ಕೆ ಆಡುತ್ತಿದ್ದ ಸ್ಟ್ರೈಕರ್.

ಇನ್ನು ರೆಫರಿಗಳು. 1986ರ ಮಾರ್ಚ್ 22, ಲೋಕೊಮೋಟಿವ್ ಲೈಪ್‌ಜಿಗ್ ಮತ್ತು ಬಿಎಫ್‌ಸಿ ಪಂದ್ಯ. ಲೈಪ್‌ಜಿಗ್ 1-0 ಮುಂದಿತ್ತು. 95ನೇ ನಿಮಿಷದಲ್ಲಿ ರೆಫರಿ ಬೆರ್ಂಡ್ ಸ್ಟುಂಪ್ ಬಿಎಫ್‌ಸಿಗೆ ಪೆನಾಲ್ಟಿ ಕೊಟ್ಟರು. 1-1. ದೇಶದ ತುಂಬ ಗಲಾಟೆ ಆಗಿ ಸ್ಟುಂಪ್ ಅವರನ್ನೇ ಹೊರಗೆ ಹಾಕಬೇಕಾಯಿತು. ಬೇರೆ ಊರಿಗೆ ಹೋದಾಗಲೆಲ್ಲ ಬಿಎಫ್‌ಸಿಗೆ ಶಿಳ್ಳೆ ಬೀಳುತ್ತಿತ್ತು. ಬಾಯಿಬಿಟ್ಟು ಹೇಳಲಾಗದ್ದನ್ನು ಜನ ಅಲ್ಲಿ ಶಿಳ್ಳೆ ಹೊಡೆದು ಹೇಳುತ್ತಿದ್ದರು.

ಹಳೇ ಡೈರಿ

ಸೈಡ್‌ಲೈನ್ ಹೇಳಿದ್ದೆಲ್ಲ ಸರಿ. ಒಂದು ಮಾತು ಸೇರಿಸಲೇಬೇಕು. ಆ 1986ರ ಪೆನಾಲ್ಟಿಯ ಇನ್ನೊಂದು ಕೋನದ ಚಿತ್ರ 2000ದಲ್ಲಿ ಹೊರಬಂತು. ಅದರಲ್ಲಿ ಲೈಪ್‌ಜಿಗ್ ಆಟಗಾರ ತಳ್ಳಿದ್ದು ಕಾಣುತ್ತದೆ. ಅಂದರೆ ಎಲ್ಲರೂ ಮೋಸ ಅಂತ ಕೂಗಿದ ಆ ಒಂದು ತೀರ್ಪು ಸರಿಯಾಗಿಯೇ ಇತ್ತು ಅನ್ನಿಸುತ್ತದೆ. ಅಷ್ಟು ವರ್ಷದ ಕೋಪ ಒಬ್ಬ ರೆಫರಿಯ ಮೇಲೆ ಬಿತ್ತು.

ಬಿಎಫ್‌ಸಿ ಆಟಗಾರರು ಸುಮ್ಮನೆ ಗೆದ್ದವರೂ ಅಲ್ಲ. ಡೈನಮೋಗೆ ದೇಶದ ತುಂಬ ತರಬೇತಿ ಕೇಂದ್ರಗಳಿದ್ದವು. ಬೇರೆ ಕ್ಲಬ್ಬಿಗೆ ಒಂದು ಜಿಲ್ಲೆ ಸಿಕ್ಕರೆ ಇವರಿಗೆ ಎಲ್ಲಾ ಕಡೆಯಿಂದ ಹುಡುಗರು ಸಿಗುತ್ತಿದ್ದರು. ಆಂಡ್ರಿಯಾಸ್ ಥೋಮ್ ತರಹದವರು ಎಲ್ಲಿ ಆಡಿದ್ದರೂ ಮಿಂಚುತ್ತಿದ್ದರು. ಆದರೂ ಕಪ್ ಪಂದ್ಯಾವಳಿ ನೋಡಿ. ಕಾರ್ಮಿಕ ಸಂಘದ ಹೆಸರಿನ ಎಫ್‌ಡಿಜಿಬಿ ಕಪ್. 1979ರ ಫೈನಲ್‌ನಲ್ಲಿ ಬಿಎಫ್‌ಸಿಯನ್ನು ಮಾಗ್ಡೆಬುರ್ಗ್ 1-0ಯಿಂದ ಸೋಲಿಸಿತು. 1982, 1984, 1985ರ ಫೈನಲ್‌ಗಳಲ್ಲಿ ಡ್ರೆಸ್ಡೆನ್ ಸೋಲಿಸಿತು. ಲೀಗ್ ಅವರದ್ದೇ ಅಂತ ಗೊತ್ತಿದ್ದ ಜನ ಕಪ್ ಫೈನಲ್‌ಗೆ ಕಾಯುತ್ತಿದ್ದರು.

ಬರ್ಲಿನ್ನಿನ ಇನ್ನೊಂದು ಕ್ಲಬ್ ಯೂನಿಯನ್ ಕೂಡ 1968ರಲ್ಲಿ ಆ ಕಪ್ ಗೆದ್ದಿತ್ತು, ಯೇನಾ ವಿರುದ್ಧ 2-1. ಮೊದಲ ಸಲ ಯುರೋಪಿಗೆ ಹೋಗುವ ಭಾಗ್ಯ. ಅಷ್ಟರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಅದಕ್ಕೆ ಪೂರ್ವ ಮತ್ತು ಪಶ್ಚಿಮದ ತಂಡಗಳು ಎದುರಾಗದ ಹಾಗೆ ಪಂದ್ಯಗಳ ಜೋಡಿ ಬದಲಾಯಿಸಿದರು. ಪೂರ್ವದ ದೇಶಗಳು ತಂಡ ಕಳಿಸಲ್ಲ ಅಂದವು. ಯೂನಿಯನ್ ಮನೆಯಲ್ಲೇ ಕೂತಿತು.

ಎಲ್ಬೆ ದಡದವಳು

ಸೈಡ್‌ಲೈನ್, ನೀವು ಹೇಳಿದ್ದು ನನಗೆ ಬೇಜಾರಾಗಲಿಲ್ಲ. ಹೇಳಲೇಬೇಕಾದ ಮಾತು. ಅದೇ ಫೋಟೋದಲ್ಲಿ ಅದಕ್ಕೂ ಒಬ್ಬರಿದ್ದಾರೆ.

ಕೋಚ್ ಹೈಂಟ್ಸ್ ಕ್ರ್ಯೂಗೆಲ್. ಮಾಗ್ಡೆಬುರ್ಗಿಗೆ 1972, 1974, 1975ರಲ್ಲಿ ಮೂರು ಲೀಗ್, ಜೊತೆಗೆ ಆ ಯುರೋಪಿನ ಕಪ್ಪನ್ನು ಗೆದ್ದುಕೊಟ್ಟವರು. 1974ರ ಶರತ್ಕಾಲದಲ್ಲಿ, ಲೀಗ್ ಚಾಂಪಿಯನ್ನರು ಆಡುತ್ತಿದ್ದ ಯುರೋಪಿಯನ್ ಕಪ್‌ನಲ್ಲಿ ಇವರಿಗೆ ಎದುರಾಗಿದ್ದು ಪಶ್ಚಿಮ ಜರ್ಮನಿಯ ಬಯರ್ನ್ ಮ್ಯೂನಿಕ್. ಮ್ಯೂನಿಕ್‌ನಲ್ಲಿ ಹಾಫ್ ಟೈಮಿಗೆ 2-0 ಮುಂದಿದ್ದು 3-2ರಿಂದ ಸೋತರು. ಎರಡನೇ ಪಂದ್ಯ ಮಾಗ್ಡೆಬುರ್ಗಿನಲ್ಲಿ. ಆಗ ಸ್ಟಾಸಿಯವರು ಬಯರ್ನ್ ತಂಡದ ಡ್ರೆಸ್ಸಿಂಗ್ ರೂಮಿನಲ್ಲಿ ಮೈಕ್ ಅಡಗಿಸಿಟ್ಟಿದ್ದರು. ಅವರು ಮಾಡುವ ಯೋಜನೆಯನ್ನು ಕೇಳಿ ಕ್ರ್ಯೂಗೆಲ್‌ಗೆ ತಲುಪಿಸೋದು ಉದ್ದೇಶ. ಕ್ರ್ಯೂಗೆಲ್ ಒಪ್ಪಲಿಲ್ಲ. ಆ ಪಂದ್ಯ 1-2ರಿಂದ ಸೋತರು.

1976ರಲ್ಲಿ ಅವರನ್ನು ತೆಗೆದುಹಾಕಿದರು. ಕೊಟ್ಟ ಕಾರಣ, ಒಲಿಂಪಿಕ್ಸ್‌ಗೆ ಬೇಕಾದ ಆಟಗಾರರನ್ನು ಸಾಕಷ್ಟು ಬೆಳೆಸಲಿಲ್ಲ ಅಂತ. ಮತ್ತೆ ಮೇಲಿನ ಮಟ್ಟದಲ್ಲಿ ಯಾವ ತಂಡವನ್ನೂ ಮುಟ್ಟೋಕೆ ಬಿಡಲಿಲ್ಲ. ಅದೇ ಊರಿನ ಒಂದು ಚಿಕ್ಕ ಕಾರ್ಖಾನೆ ಸಂಘದ ಮೈದಾನ ನೋಡಿಕೊಳ್ಳುವ ಕೆಲಸ ಕೊಟ್ಟರು. ಮಿಲಾನನ್ನು ಸೋಲಿಸಿದ ಕೋಚ್!

ತಾತ ಇದನ್ನು ಹೇಳುವಾಗ ದನಿ ತಗ್ಗಿಸಿದರು. ಬರ್ಲಿನ್ ಗೋಡೆ ಬಿದ್ದು ಇಪ್ಪತ್ತೇಳು ವರ್ಷ ಆಗಿತ್ತು, ಮನೆಯಲ್ಲಿ ನಾವಿಬ್ಬರೇ ಇದ್ದೆವು. ಆದರೂ ತಗ್ಗಿತು. ಅವರು ಕ್ರ್ಯೂಗೆಲ್ ಅವರನ್ನು ಟ್ರಾಮ್‌ನಲ್ಲಿ ನೋಡುತ್ತಿದ್ದರಂತೆ. ಯಾರೂ ಜೋರಾಗಿ ಮಾತಾಡಿಸುತ್ತಿರಲಿಲ್ಲ. ಆದರೆ ಯಾರೋ ಒಬ್ಬರು ಎದ್ದು ಸೀಟು ಬಿಡುತ್ತಿದ್ದರಂತೆ. ಅವರಿಗೆ ಆಗಿನ್ನೂ ಸೀಟು ಬಿಡಿಸಿಕೊಳ್ಳುವ ವಯಸ್ಸೇ ಅಲ್ಲ. ಇವತ್ತು ಹೊಸ ಸ್ಟೇಡಿಯಂ ಮುಂದಿನ ಚೌಕಕ್ಕೆ ಅವರದ್ದೇ ಹೆಸರು. ಪಂದ್ಯಕ್ಕೆ ಹೋಗುವಾಗ ತಾತ ಆ ಬೋರ್ಡಿನ ಹತ್ತಿರ ಒಂದು ಕ್ಷಣ ನಿಲ್ಲುತ್ತಿದ್ದರು, ಅಷ್ಟೇ.

ಅದಕ್ಕೇ ನಾನು ಹೇಳೋದು, ಆ ಕ್ಲಬ್ ಸರ್ಕಾರದ್ದೂ ಹೌದು, ಜನರದ್ದೂ ಹೌದು. ಎರಡನ್ನೂ ಬೇರೆ ಮಾಡೋಕೆ ಹೋದರೆ ತಾತನ ಅಡುಗೆಮನೆ ಅರ್ಥವಾಗಲ್ಲ. ಸ್ಪಾರ್‌ವಾಸರ್‌ನನ್ನೇ ನೋಡಿ. 1974ರ ಜೂನ್ 22ರಂದು ಹಂಬುರ್ಗ್‌ನಲ್ಲಿ, ವಿಶ್ವಕಪ್ ಪಂದ್ಯದಲ್ಲಿ, ಪಶ್ಚಿಮ ಜರ್ಮನಿ ವಿರುದ್ಧ ಒಂದೇ ಗೋಲು ಹೊಡೆದು ಗೆಲ್ಲಿಸಿದವನು. ಸರ್ಕಾರ ಅವನನ್ನು ಎಲ್ಲಾ ಕಡೆ ತೋರಿಸಿತು. 1988ರಲ್ಲಿ ಹಿರಿಯ ಆಟಗಾರರ ಪಂದ್ಯಾವಳಿಗೆ ಅಂತ ಪಶ್ಚಿಮಕ್ಕೆ ಹೋದವನು ವಾಪಸ್ ಬರಲೇ ಇಲ್ಲ. ತಾತ ಅವನ ಮೇಲಿಟ್ಟ ಬೆರಳನ್ನು ಮಾತ್ರ ಯಾವತ್ತೂ ತೆಗೆಯಲಿಲ್ಲ. ‘ಹಾಲ್ಬರ್‌ಸ್ಟಾಟ್’ ಅಂದರು, ಮುಂದಿನವನಿಗೆ ಹೋದರು.

ಗೋಲ್‌ಪೋಸ್ಟ್ ಹಿಂದೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎರಡು ಸಲ ಓದಿದೆ. ಎಲ್ಬೆ ದಡದ ಅಕ್ಕ, ಇನ್ನೆರಡು ಕೇಳಲಾ? ಆಟಗಾರರಿಗೆ ಸಂಬಳ ಹೇಗೆ ಬರುತ್ತಿತ್ತು? ಅವರು ಅಮೆಚೂರ್ ಅಂತ ಓದಿದೆ. ಹಾಗೇ ಗೋಡೆ ಬಿದ್ದ ಮೇಲೆ ಈ ಕ್ಲಬ್‌ಗಳಿಗೆ ಏನಾಯಿತು?

ಸೈಡ್‌ಲೈನ್

ಅಕ್ಕ ಕ್ರ್ಯೂಗೆಲ್ ವಿಷಯ ಬರೆದಿದ್ದಕ್ಕೆ ಧನ್ಯವಾದ. ಅದು ನನಗೆ ಗೊತ್ತಿರಲಿಲ್ಲ. 1976ರಲ್ಲಿ ಪೂರ್ವ ಜರ್ಮನಿ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಫುಟ್‌ಬಾಲ್ ಚಿನ್ನವನ್ನೇ ಗೆದ್ದಿತ್ತು. ಆ ವರ್ಷವೇ ಅವರಿಗೆ ಆ ಕಾರಣ ಕೊಟ್ಟರಾ!

ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಗೋಡೆ ಬಿದ್ದಿದ್ದು 1989ರ ನವೆಂಬರ್. ಕೆಲವೇ ವಾರದಲ್ಲಿ ಬಿಎಫ್‌ಸಿಯ ಥೋಮ್ ಲೆವರ್‌ಕೂಸೆನ್ ಸೇರಿದ. ಪಶ್ಚಿಮದ ಕ್ಲಬ್ಬಿಗೆ ಕಾನೂನು ಪ್ರಕಾರ ಹೋದ ಮೊದಲ ಆಟಗಾರ ಅವನು. ಡ್ರೆಸ್ಡೆನ್‌ನ ಮತ್ತಿಯಾಸ್ ಜಾಮರ್, ಉಲ್ಫ್ ಕಿರ್ಸ್ಟೆನ್ ಎಲ್ಲ ಹೋದರು. 1990-91 ಕೊನೇ ಸೀಸನ್. ಮೊದಲ ಎರಡು ತಂಡಗಳಿಗೆ ಮಾತ್ರ ಒಂದಾದ ಜರ್ಮನಿಯ ದೊಡ್ಡ ಲೀಗ್ ಬುಂಡೆಸ್‌ಲಿಗಾದಲ್ಲಿ ಜಾಗ. ಎರಡನೇದು ಡ್ರೆಸ್ಡೆನ್. ಮೊದಲನೇದು ಯಾವುದು ಗೊತ್ತಾ? ಹನ್ಸಾ ರೋಸ್ಟೊಕ್. ಲೌಟರ್‌ನಿಂದ ಕಿತ್ತು ತಂದು ನೆಟ್ಟ ತಂಡ. ಅಷ್ಟು ವರ್ಷದಲ್ಲಿ ಅವರಿಗೆ ಸಿಕ್ಕ ಮೊದಲ ಲೀಗ್ ಗೆಲುವು, ಲೀಗ್‌ನ ಕೊನೇ ವರ್ಷ. ಹತ್ತು ಸಲ ಗೆದ್ದ ಬಿಎಫ್‌ಸಿ ಎಫ್‌ಸಿ ಬರ್ಲಿನ್ ಅಂತ ಹೆಸರು ಬದಲಾಯಿಸಿಕೊಂಡಿತು, 1999ರಲ್ಲಿ ಮತ್ತೆ ಹಳೇ ಹೆಸರಿಗೆ ಬಂತು. ಬುಂಡೆಸ್‌ಲಿಗಾ ಮಾತ್ರ ಸಿಗಲೇ ಇಲ್ಲ. 1968ರಲ್ಲಿ ಮನೆಯಲ್ಲಿ ಕೂತ ಯೂನಿಯನ್ 2019ರಲ್ಲಿ ಅಲ್ಲಿಗೆ ಹತ್ತಿತು.

ಎಲ್ಬೆ ದಡದವಳು

ಸಂಬಳದ ವಿಷಯ. ಕಾಗದದ ಮೇಲೆ ಎಲ್ಲರೂ ಅಮೆಚೂರ್. ಸೇನೆ ತಂಡದವರು ಸೈನಿಕರು, ಡೈನಮೋದವರು ಪೊಲೀಸರು, ಉಳಿದವರು ಯಾವುದೋ ಕಾರ್ಖಾನೆಯ ನೌಕರರು. ಮಾಗ್ಡೆಬುರ್ಗ್ ಕ್ಲಬ್ಬಿನ ಬೆನ್ನಿಗೆ ಅರ್ನ್ಸ್ಟ್ ಥೇಲ್‌ಮನ್ ಹೆಸರಿನ ಭಾರೀ ಯಂತ್ರಗಳ ಕೈಗಾರಿಕೆ ಇತ್ತು. ದುಡ್ಡಿಗಿಂತ ಜಾಸ್ತಿ ಬೆಲೆ ಇದ್ದದ್ದು ಮನೆಗೆ ಮತ್ತು ಕಾರಿಗೆ. ಟ್ರಾಬಾಂಟ್ ಕಾರಿಗೆ ಸಾಮಾನ್ಯ ಜನ ಹತ್ತು ವರ್ಷಕ್ಕೂ ಜಾಸ್ತಿ ಕಾಯಬೇಕಿತ್ತು. ಆಟಗಾರನಿಗೆ ಬೇಗ ಸಿಗುತ್ತಿತ್ತು. ತಾತ ಆ ಬಗ್ಗೆ ಹೊಟ್ಟೆ ಉರಿದುಕೊಳ್ಳಲಿಲ್ಲ. ‘ನಮ್ಮ ಪಾಳಿಯಲ್ಲಿ ಅವರ ಕೆಲಸವನ್ನು ನಾವೇ ಮಾಡಿದೆವು. ಶನಿವಾರ ಮಧ್ಯಾಹ್ನ ನಮ್ಮ ಕೆಲಸವನ್ನು ಅವರು ಮಾಡಿದರು’ ಅಂದರು.

ಗೋಡೆ ಬಿದ್ದ ಮೇಲೆ ಮಾಗ್ಡೆಬುರ್ಗಿಗೆ ಆಗಿದ್ದು ನೋವಿನ ಕಥೆ. 1991ರಲ್ಲಿ ಎರಡನೇ ದರ್ಜೆಯಲ್ಲೂ ಜಾಗ ಸಿಗಲಿಲ್ಲ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ತಾತನ ಕೆಲಸವೂ ಹೋಯಿತು. ಯುರೋಪಿನ ಕಪ್ ಗೆದ್ದ ತಂಡ ಸಣ್ಣ ಸಣ್ಣ ಊರುಗಳಲ್ಲಿ ಆಡಿತು. ಅವರು ಆಗಲೂ ಹೋಗುತ್ತಿದ್ದರಂತೆ. ನಾನು ಇದ್ದಾಗ ಜನ ಒಟ್ಟಿಗೆ ಕುಣಿದರೆ ಹೊಸ ಗ್ಯಾಲರಿ ನಡುಗುತ್ತದೆ ಅಂತ ಕುಣಿಯಬೇಡಿ ಅಂದಿದ್ದರು. ಎಷ್ಟು ಜನ ಬರುತ್ತಿದ್ದರು ಅಂತ ಅದರಿಂದಲೇ ಗೊತ್ತಾಗುತ್ತದೆ. 2018ರ ಏಪ್ರಿಲ್‌ನಲ್ಲಿ ಫೋರ್ಟುನಾ ಕ್ಯೋಲ್ನ್ ಮೇಲೆ 2-0 ಗೆದ್ದು ಎರಡನೇ ದರ್ಜೆಗೆ ಏರಿದ ದಿನ ನಾನು ತಾತನ ಪಕ್ಕದಲ್ಲಿದ್ದೆ. ಅವರು ಕುಣಿಯಲಿಲ್ಲ, ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಗೋಲ್‌ಪೋಸ್ಟ್ ಹಿಂದೆ

ಅಕ್ಕ, ಕೊನೇ ಪ್ರಶ್ನೆ. ತಾತ ಆಮೇಲಾದರೂ ರೋಟರ್‌ಡಾಮ್‌ಗೆ ಹೋದರಾ?

ಎಲ್ಬೆ ದಡದವಳು

ಹೋದರು. 1990ರ ಬೇಸಿಗೆಯಲ್ಲಿ, ಹೆಂಡತಿ ಜೊತೆ, ರೈಲಿನಲ್ಲಿ. ಆವತ್ತು ಪಂದ್ಯ ಇರಲಿಲ್ಲ. ಸ್ಟೇಡಿಯಂ ಗೇಟಿನಲ್ಲಿದ್ದ ಕಾವಲುಗಾರನಿಗೆ ಇವರ ಭಾಷೆ ಅರ್ಧಂಬರ್ಧ ಅರ್ಥವಾಯಿತು. ಮಾಗ್ಡೆಬುರ್ಗ್, 1974 ಅನ್ನೋ ಎರಡು ಮಾತು ಸಾಕಾಯಿತಂತೆ. ಹತ್ತು ನಿಮಿಷ ಅಂತ ಹೇಳಿ ಒಳಗೆ ಬಿಟ್ಟ.

ಸೆಗುಯಿನ್ ಗೋಲು ಹೊಡೆದಿದ್ದು ಯಾವ ಕಡೆ ಅಂತ ಅವರಿಗೆ ಗೊತ್ತಿರಲಿಲ್ಲ. ಅವರು ಕೇಳಿದ್ದು ರೇಡಿಯೋದಲ್ಲಿ. ಆಮೇಲೆ ಟಿವಿಯಲ್ಲಿ ನೋಡಿದ್ದರೂ ಖಾಲಿ ಮೈದಾನದಲ್ಲಿ ನಿಂತಾಗ ಎರಡೂ ಕಡೆ ಒಂದೇ ತರಹ ಕಂಡಿತಂತೆ. ಅದಕ್ಕೆ ಈ ಗೋಲಿನ ಹಿಂದೆ ಐದು ನಿಮಿಷ, ಆ ಗೋಲಿನ ಹಿಂದೆ ಐದು ನಿಮಿಷ ನಿಂತು ಬಂದೆ ಅಂದರು.